ವಿಮಲಾಳ ಮೊದಲ ಲೋಡು

ಎಲ್ಲಕ್ಕೂ ಮೂಲ ಪುನೀತನ ಮೊಬೈಲು.

ಬೆಳಗ್ಗೆ ಏಳು ಗಂಟೆ. ವಿನೋಬನಗರದಲ್ಲಿರುವ ಮೂರ್ತಪ್ಪನ ಲಾರಿ ಆಫೀಸಿನ ಮುಂದೆ ವಿಮಲಾ ಲಾರಿಯ ಬಾಗಿಲು ಹಿಡಿದು ನಿಂತಿದ್ದಳು. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ. ಹತ್ತಲೋ ಬೇಡವೋ ಎಂದು ಅವಳು ತನ್ನಷ್ಟಕ್ಕೆ ತಾನು ಹೆದರಿಕೊಳ್ಳುತ್ತಿದ್ದ ಆ ಗಳಿಗೆಯಲ್ಲೇ ಆಫೀಸಿನ ಗುಮಾಸ್ತ ಪುನೀತ ಹಿಂದಿನಿಂದ "ಅಕ್ಕಾ" ಎಂದ. ಅವಳು ತಿರುಗಿದಳು. ಅವನು ಫೋಟೋ ಹೊಡೆದ. ಫೋಟೋದಲ್ಲಿ ಅವಳ ಮುಖ ಹಲ್ಲು ಕೀಳಿಸಿಕೊಳ್ಳಲು ಬಂದವರ ಮುಖದ ಹಾಗಿತ್ತು. ಅದನ್ನೇ ಅವನು "ನಮ್ಮ ಹೆಮ್ಮೆ! ಇಂದು ಶಿವಮೊಗ್ಗದಿಂದ ಭದ್ರಾವತಿಗೆ ಮಹಿಳಾ ಲಾರಿ ಚಾಲಕಿ!" ಎಂದು ಬರೆದು, ಎರಡು ಸಿಂಹ, ಮೂರು ಬೆಂಕಿ ಅಂಟಿಸಿ, ತಾನಿದ್ದ ಹನ್ನೊಂದು ವಾಟ್ಸಾಪ್ ಗ್ರೂಪುಗಳಿಗೂ ಹಾಕಿಬಿಟ್ಟ.

ವಿಮಲಾಗೆ ಮೂವತ್ತಾರು ವರ್ಷ. ಮನೆ ಗೋಪಾಳದಲ್ಲಿ. ಮೂರು ವರ್ಷ ಊರಾಚೆಯ ಪಂಚಾಯಿತಿಯೊಂದರ ಕಸದ ಗಾಡಿ ಓಡಿಸಿದ್ದಳು. ಆಮೇಲೆ ದೊಡ್ಡ ಗಾಡಿಯ ಆಸೆ ಹುಟ್ಟಿ, ಹೆವಿ ಲೈಸೆನ್ಸು ಮಾಡಿಸಿ, ನಾಲ್ಕು ತಿಂಗಳು ಮೂರ್ತಪ್ಪನ ಡ್ರೈವರುಗಳ ಜೊತೆ ತಿರುಗಿ ಕಲಿತಿದ್ದಳು. ಕಸದ ಗಾಡಿಯ ಕೆಲಸ ಬಿಟ್ಟಾಗಿತ್ತು. ಅಲ್ಲಿ ಬೇರೆಯವಳು ಸೇರಿಯೂ ಆಗಿತ್ತು. ಇವತ್ತು ಮೊದಲ ಸಲ ಲಾರಿ ಅವಳ ಕೈಗೆ ಬಂದಿತ್ತು.

"ಮೊದ್ಲು ಲೋಕಲ್ಲೇ ಓಡ್ಸು ವಿಮಲಾ" ಎಂದ ಆಫೀಸಿನಿಂದ ಹೊರಗೆ ಬಂದ ಯಜಮಾನ ಮೂರ್ತಪ್ಪ. "ಭದ್ರಾವತಿ ಓಲ್ಡ್ ಟೌನಲ್ಲಿ ಲಕ್ಷ್ಮೀಕಾಂತ ಅಂತ ಒಬ್ರು ಹೋಲ್‌ಸೇಲ್ ಅಂಗಡಿ ಇಟ್ಟಿದಾರೆ. ಅವರಿಗೆ ಒಂದು ಲೋಡು. ಹನ್ನೊಂದರ ಮೇಲೆ ಆ ಬೀದಿಗೆ ಲಾರಿ ಬಿಡಲ್ಲ. ಅಷ್ಟರೊಳಗೆ ಗಾಡಿ ಹಾಕಿರ್ಬೇಕು, ಗಾಡಿಗೆ ಒಂದು ಗೀರೂ ಬಿದ್ದಿರಬಾರ್ದು. ಇಷ್ಟು ಮಾಡಿದ್ರೆ ನಿನ್ನ ಪರ್ಮನೆಂಟ್ ಮಾಡ್ತೀನಿ. ಇಲ್ದಿದ್ರೆ ನಾನೇನೂ ಹೇಳಲ್ಲ, ನೀನೇ ಅರ್ಥ ಮಾಡ್ಕೋ."

"ಏನ್ ಲೋಡು ಸಾರ್?"

"ಮಂಡಕ್ಕಿ."

ವಿಮಲಾಗೆ ಸರ್ರನೆ ಸಿಟ್ಟು ಬಂತು. ಉಳಿದವರಿಗೆಲ್ಲ ಕಬ್ಬಿಣ, ಸಿಮೆಂಟು, ಗೊಬ್ಬರ. ತನಗೆ ಮಂಡಕ್ಕಿ! "ಯಾಕೆ ಸಾರ್ ಮಂಡಕ್ಕಿ?"

"ಪಲ್ಟಿ ಹೊಡೆದ್ರೂ ಒಡೆಯಲ್ವಲ್ಲ" ಎಂದ ಮೂರ್ತಪ್ಪ ಬಹಳ ಪ್ರೀತಿಯಿಂದ.

ಸಿಟ್ಟಿನಲ್ಲೇ ಅವಳು ಲಾರಿ ಹತ್ತಿದಳು. ಹತ್ತಿ ನೋಡಿದರೆ ಎಡಗಡೆ ಸೀಟಿನಲ್ಲಿ ಆಗಲೇ ಹಿರಿಯಣ್ಣ ಕೂತಿದ್ದ. ಮೂವತ್ತು ವರ್ಷ ಮುಂಬೈ, ಅಹಮದಾಬಾದು ಲೈನು ಓಡಿಸಿದ ಹಳೆಯ ಡ್ರೈವರು. ಲೋಕಲ್ ರೂಟಿನವರನ್ನು ಅವನು ಡ್ರೈವರುಗಳ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಹೆಗಲ ಮೇಲೆ ಟವೆಲು, ಬಾಯಲ್ಲಿ ಎಲೆಅಡಿಕೆ.

"ಧೈರ್ಯಕ್ಕೆ ಇರ್ಲಿ ಅಂತ ಬಂದೆ ತಂಗಿ."

"ನಂಗೆ ಧೈರ್ಯ ಇದೆ ಅಣ್ಣ."

"ನಿಂಗಲ್ಲ ಮಾರಾಯ್ತಿ, ಯಜಮಾನ್ರಿಗೆ."

ಮಂಡಕ್ಕಿ ಭಟ್ಟಿಗೆ ಹೋಗಿ, ಚೀಲಗಳನ್ನು ಆಳೆತ್ತರ ಪೇರಿಸಿ, ಟಾರ್ಪಾಲು ಬಿಗಿದು ಹೊರಡುವಷ್ಟರಲ್ಲಿ ಒಂಬತ್ತೂಕಾಲು. ಭದ್ರಾವತಿಗೆ ಇರುವುದು ಇಪ್ಪತ್ತು ಕಿಲೋಮೀಟರು ಚಿಲ್ಲರೆ. ಹನ್ನೊಂದಕ್ಕೆ ಬೇಕಾದಷ್ಟು ಹೊತ್ತಿದೆ ಎಂದು ವಿಮಲಾ ಸಮಾಧಾನ ಮಾಡಿಕೊಂಡಳು. ಆದರೆ ಅಂಗೈ ಬೆವರಿ ಸ್ಟೇರಿಂಗು ಜಾರುತ್ತಿತ್ತು. ಮೊದಲ ಸಿಗ್ನಲ್ಲಿನಲ್ಲಿ ಗಾಡಿ ಆಫ್ ಆಯಿತು. ಎರಡನೆಯದರಲ್ಲಿ ಗೇರು ಕರ್ರ್ ಎಂದು ಊರಿಗೆಲ್ಲ ಕೇಳುವಂತೆ ಅರಚಿತು.

ಅದಕ್ಕಿಂತ ಜಾಸ್ತಿ ಅರಚಿದವನು ಹಿರಿಯಣ್ಣ. ಮೂವತ್ತು ವರ್ಷ ಗಾಡಿ ಓಡಿಸಿದವನಿಗೆ ಬೇರೆಯವರು ಓಡಿಸುವ ಗಾಡಿಯಲ್ಲಿ ಕೂತೇ ಗೊತ್ತಿರಲಿಲ್ಲ. ಎದುರಿಗೆ ಆಟೋ ಬಂದರೆ ತನ್ನ ಬಲಗಾಲನ್ನು ನೆಲಕ್ಕೆ ಒತ್ತಿ ಇಲ್ಲದ ಬ್ರೇಕು ಹಾಕುತ್ತಿದ್ದ. ಸ್ಕೂಟರು ಬಂದರೆ ಎರಡೂ ಕಾಲು ಒತ್ತುತ್ತಿದ್ದ. "ಎಡಕ್ಕೆ ತಂಗಿ! ಎಡಕ್ಕೆ! ಅಯ್ಯಯ್ಯೋ ಬಲಕ್ಕೆ!" ದನವೊಂದು ಅಡ್ಡ ಬಂದಾಗ ಕಣ್ಣು ಮುಚ್ಚಿಕೊಂಡು ಮನೆದೇವರ ಹೆಸರು ಹೇಳಿದ. ದನ ರಸ್ತೆಯ ಆಚೆ ಬದಿಯಲ್ಲಿತ್ತು.

"ಅಣ್ಣಾ, ಸುಮ್ನೆ ಕೂತ್ಕೊಳ್ಳಿ. ನಂಗೆ ಭಯ ಆಗ್ತದೆ."

"ಭಯ ಆಗ್ಬಾರ್ದು ಅಂತ್ಲೇ ನಾನು ಬಂದಿರೋದು!"

ಅಷ್ಟರಲ್ಲಿ ಡ್ಯಾಶ್‌ಬೋರ್ಡಿನ ಮೇಲಿದ್ದ ಅವಳ ಫೋನು ಬಡಿದುಕೊಂಡಿತು. ಗಂಡ ಸುನಿಲ್. ಅವಳು ಎತ್ತುವ ಹಾಗಿರಲಿಲ್ಲ. ಹಿರಿಯಣ್ಣ ಎತ್ತಿ ಸ್ಪೀಕರಿಗೆ ಹಾಕಿದ.

"ವಿಮಲಾ, ಎಲ್ಲಿದೀಯ? ಹುಷಾರಾಗಿದೀಯ?"

"ನಾನು ಹಿರಿಯಣ್ಣ. ಇನ್ನೂ ಹುಷಾರಾಗಿದಾಳೆ. ಈಗ ಒಂದು ಬಸ್ಸು ಬರ್ತಾ ಇದೆ, ತಡಿ, ನೋಡಿ ಹೇಳ್ತೀನಿ."

ಆ ಕಡೆಯಿಂದ ಸುನಿಲ್ "ಅಯ್ಯೋ" ಎಂದ. ಬಸ್ಸು ತನ್ನ ಪಾಡಿಗೆ ತಾನು ಹೋಯಿತು. ಆಮೇಲೆ ಪ್ರತಿ ಹತ್ತು ನಿಮಿಷಕ್ಕೊಮ್ಮೆ ಅವನು ಫೋನು ಮಾಡಿದ. ಹಿರಿಯಣ್ಣ ಪ್ರತಿ ಸಲವೂ ಕ್ರಿಕೆಟ್ ಕಾಮೆಂಟರಿಯ ಹಾಗೆ ವರದಿ ಕೊಟ್ಟ.

ತುಂಗಾ ಸೇತುವೆ ದಾಟಿ ಸ್ವಲ್ಪ ಮುಂದೆ ಹೋಗಿರಬೇಕು, ರಸ್ತೆಯ ನಟ್ಟನಡುವೆ ಒಬ್ಬ ಹೆಂಗಸು ಕೈ ಚಾಚಿ ನಿಂತಿದ್ದಳು. ವಿಮಲಾ ಎದ್ದು ನಿಂತು ಬ್ರೇಕು ಒತ್ತಿದಳು. ಹಿರಿಯಣ್ಣನೂ ಒತ್ತಿದ. ನೋಡಿದರೆ ಪಕ್ಕದ ಮನೆಯ ಪುಷ್ಪಮ್ಮ! ಕಂಕುಳಲ್ಲಿ ಬೂದುಗುಂಬಳಕಾಯಿ.

"ಪುಷ್ಪಕ್ಕಾ! ಏನಿದು, ರೋಡ್ ಮಧ್ಯ?"

"ನಿನ್ ಫೋಟೋ ಊರೆಲ್ಲ ನೋಡಿದಾರೆ ಕಣೇ. ದೃಷ್ಟಿ ತೆಗೀದೆ ಹೆಂಗೆ ಬಿಡ್ಲಿ? ಗೋಪಾಳದಿಂದ ಆಟೋ ಮಾಡ್ಕೊಂಡ್ ಬಂದೀನಿ!"

ಹಿಂದೆ ಆಗಲೇ ಎರಡು ಬಸ್ಸು, ಒಂದು ಆಂಬುಲೆನ್ಸು, ಲೆಕ್ಕವಿಲ್ಲದಷ್ಟು ಬೈಕು ನಿಂತಿದ್ದವು. ಪುಷ್ಪಮ್ಮ ಯಾವುದನ್ನೂ ಲೆಕ್ಕಿಸದೆ ಲಾರಿಗೆ ಮೂರು ಸುತ್ತು ಕಾಯಿ ನಿವಾಳಿಸಿ ನೆಲಕ್ಕೆ ಅಪ್ಪಳಿಸಿದಳು. ಕಾಯಿ ಒಡೆಯಲಿಲ್ಲ. ಪುಟಿದು ಉರುಳುತ್ತ ಹೋಗಿ ಲಾರಿಯ ಹೊಟ್ಟೆಯಡಿ ಸೇರಿಕೊಂಡಿತು.

"ಒಡೀಲಿಲ್ಲ ಅಂದ್ರೆ ಅಪಶಕುನ! ಗಾಡಿ ತೆಗೀಬೇಡ!" ಎಂದು ಪುಷ್ಪಮ್ಮ ಚೀರಿದಳು. ಹಿರಿಯಣ್ಣ ಇಳಿದು ಲಾರಿಯ ಕೆಳಗೆ ತೂರಿದ. ಒಂದು ಬಸ್ಸಿನ ಕಂಡಕ್ಟರು ಆ ಕಡೆಯಿಂದ ತೂರಿದ. ಇಬ್ಬರೂ ಕಾಯಿಗಾಗಿ ಕೈ ಹಾಕಿ ತಲೆಗೆ ತಲೆ ಗುದ್ದಿಕೊಂಡರು. ಆಂಬುಲೆನ್ಸಿನವನು ಕಿಟಕಿಯಿಂದ ತಲೆ ಹಾಕಿ, "ಒಳಗೆ ಪೇಷೆಂಟ್ ಇಲ್ಲ, ಖಾಲಿ ಗಾಡಿ, ನಿಧಾನಕ್ಕೆ ಮಾಡಿ" ಎಂದು ಉದಾರವಾಗಿ ಹೇಳಿದ. ಕೊನೆಗೆ ಕಾಯಿಯನ್ನು ಹಿಂದಿನ ಚಕ್ರಕ್ಕೆ ಕೊಟ್ಟು, ವಿಮಲಾ ಗಾಡಿ ಒಂದಡಿ ಹಿಂದೆ ತೆಗೆದು ಅದನ್ನು ಪಚ್ಚೆನ್ನಿಸುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗಿತ್ತು.

"ಈಗ ಹೋಗವ್ವ, ಯಾರ ಕಣ್ಣೂ ತಾಗಲ್ಲ" ಎಂದಳು ಪುಷ್ಪಮ್ಮ. ಇಡೀ ಬಿ.ಎಚ್. ರಸ್ತೆ ಕಣ್ಣು ಬಿಟ್ಟುಕೊಂಡು ನೋಡುತ್ತಿತ್ತು.

ವಿಮಲಾ ಹಲ್ಲು ಕಚ್ಚಿಕೊಂಡಳು. ಮಲವಗೊಪ್ಪದಲ್ಲಿ ಚಹಾದಂಗಡಿಯವರು ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ನಿದಿಗೆಯ ಹತ್ತಿರ ಬೈಕಿನವನೊಬ್ಬ ಕ್ಯಾಬಿನ್ನಿನ ಪಕ್ಕಕ್ಕೇ ಬಂದು, ಒಂದು ಕೈಯಲ್ಲಿ ಹ್ಯಾಂಡಲು, ಇನ್ನೊಂದರಲ್ಲಿ ಮೊಬೈಲು ಹಿಡಿದು, "ಅಕ್ಕಾ, ಒಂದ್ ಸ್ಮೈಲ್!" ಎನ್ನುತ್ತ ಎರಡು ಕಿಲೋಮೀಟರು ಅಂಟಿಕೊಂಡ.

"ಮುಂದೆ ನೋಡ್ಕೊಂಡ್ ಓಡ್ಸೋ, ಗುಂಡಿಗೆ ಬೀಳ್ತೀಯ!" ಎಂದು ವಿಮಲಾ ಕೂಗಿದಳು.

"ಸಖತ್ ಡೈಲಾಗು! ಇನ್ನೊಂದ್ ಸಲ ಹೇಳಿ ಅಕ್ಕಾ!"

ಹೊಟ್ಟೆಪಾಡಿಗೆ ಲಾರಿ ಓಡಿಸಲು ಬಂದರೆ ಇವರೆಲ್ಲ ಸೇರಿ ತನ್ನನ್ನು ಸರ್ಕಸ್ಸಿನ ಕರಡಿ ಮಾಡಿದ್ದಾರಲ್ಲ! ಊರಿನಲ್ಲಿ ಸಾವಿರ ಗಂಡಸರು ಲಾರಿ ಓಡಿಸುತ್ತಾರೆ. ಯಾವನ ಮೇಲಾದರೂ ಒಂದು ಕುಂಬಳಕಾಯಿ ನಿವಾಳಿಸಿದ್ದಾರೆಯೇ? ನೆಟ್ಟಗೆ ಹೆದರಿಕೊಳ್ಳುವುದಕ್ಕೂ ತನಗೆ ಬಿಡುವು ಕೊಡುತ್ತಿಲ್ಲವಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ಭದ್ರಾವತಿ ಮುಟ್ಟಿದಾಗ ಹತ್ತೂವರೆ. ಊರೊಳಗಿನ ವೃತ್ತಕ್ಕೆ ಬರುತ್ತಿದ್ದ ಹಾಗೆಯೇ ಒಂದೇ ಬಣ್ಣದ ಸೀರೆಯುಟ್ಟ ಇಪ್ಪತ್ತು ಹೆಂಗಸರು ಲಾರಿಗೆ ಅಡ್ಡ ನಿಂತರು. ಬ್ಯಾನರು, ಮೈಕು, ಒಂದು ಕುರ್ಚಿ. ಮುಂದೆ ಹಾರ ಹಿಡಿದು ನಿಂತವರು ಮಹಿಳಾ ಸಮಾಜದ ಅಧ್ಯಕ್ಷೆ ಸೀತಾಲಕ್ಷ್ಮಿ, ರಿಟೈರಾದ ಹೆಡ್‌ಮಿಸ್ಟ್ರೆಸ್. ಪುನೀತನ ಫೋಟೋ ಅವರ ಗ್ರೂಪಿಗೂ ಬಂದಿತ್ತು.

"ಬನ್ನಿ ಮೇಡಂ, ಐದೇ ನಿಮಿಷದ ಸನ್ಮಾನ."

"ಮೇಡಂ, ಹನ್ನೊಂದರೊಳಗೆ ಲೋಡ್ ಮುಟ್ಟಿಸ್ಬೇಕು. ದಯವಿಟ್ಟು ಬಿಡಿ."

"ನೋಡಿದ್ರಾ ವಿನಯ!" ಎಂದು ಸೀತಾಲಕ್ಷ್ಮಿ ಮೈಕಿನಲ್ಲೇ ಹೇಳಿದರು. ಚಪ್ಪಾಳೆ ಬಿತ್ತು.

ವಿಮಲಾಳನ್ನು ಎಳೆದು ಇಳಿಸಿ ಕುರ್ಚಿಯ ಮೇಲೆ ಕೂರಿಸಿದರು. ಹಾರ ಹಾಕಿದರು, ಶಾಲು ಹೊದಿಸಿದರು, ಮೈಸೂರು ಪೇಟ ತೊಡಿಸಿದರು. ಪೇಟ ದೊಡ್ಡದಾಗಿ ಕಣ್ಣಿನವರೆಗೂ ಇಳಿಯಿತು. ಸೀತಾಲಕ್ಷ್ಮಿ ಮಹಿಳೆಯ ಸಾಧನೆಯ ಬಗ್ಗೆ ವೇದಕಾಲದಿಂದ ಶುರು ಮಾಡಿದರು. ಸ್ವಾತಂತ್ರ್ಯ ಹೋರಾಟಕ್ಕೆ ಬರುವಷ್ಟರಲ್ಲಿ ಹತ್ತು ಮುಕ್ಕಾಲು. ವಿಮಲಾ ಕುರ್ಚಿಯ ತುದಿಯಲ್ಲಿ ಕೂತು ಪೇಟದ ಅಡಿಯಿಂದ ಗಡಿಯಾರ ನೋಡಿಕೊಂಡಳು. ಹಿರಿಯಣ್ಣನಿಗೂ ಒಂದು ಶಾಲು ಸಿಕ್ಕಿತ್ತು. ಅವನು ಯಾರದೋ ಕಿವಿಯಲ್ಲಿ, "ಕಲಿಸಿದೋನು ನಾನೇ" ಎನ್ನುತ್ತಿದ್ದ.

"ಈಗ ಮೇಡಂ ತಮ್ಮ ಅನಿಸಿಕೆ ಹೇಳ್ತಾರೆ."

ವಿಮಲಾ ಮೈಕು ಕಿತ್ತುಕೊಂಡಳು. "ನಂಗೆ ಲಾರಿ ತೆಗೀಬೇಕು ಅನ್ನಿಸ್ತಿದೆ!"

ಚಪ್ಪಾಳೆಯೋ ಚಪ್ಪಾಳೆ. ಆ ಗದ್ದಲದಲ್ಲಿ ನಾಲ್ವರು ಸದಸ್ಯೆಯರು ಗುಂಪು ಫೋಟೋಕ್ಕೆಂದು ಲಾರಿಯ ಹಿಂದಿನಿಂದ ಏರಿ, ಟಾರ್ಪಾಲು ಸರಿಸಿ ಮಂಡಕ್ಕಿ ಚೀಲಗಳ ಮೇಲೆ ಕೂತಿದ್ದರು. ಅವರ ಭಾರಕ್ಕೆ ಒಂದು ಚೀಲ ಬಾಯಿ ಬಿಟ್ಟಿತು. ಗಾಳಿಗೆ ಮಂಡಕ್ಕಿ ಎದ್ದು ಸೀತಾಲಕ್ಷ್ಮಿಯವರ ತಲೆಯ ಮೇಲೆ, ಮೈಕಿನ ಮೇಲೆ, ಹಾದು ಹೋಗುವ ಬಸ್ಸಿನೊಳಕ್ಕೆ ಸುರಿಯಿತು.

"ಪುಷ್ಪವೃಷ್ಟಿಗೂ ವ್ಯವಸ್ಥೆ ಮಾಡಿದೀರಾ!" ಎಂದು ಸೀತಾಲಕ್ಷ್ಮಿ ಗದ್ಗದಿತರಾದರು.

ವಿಮಲಾ ನಾಲ್ವರನ್ನೂ ಕೈ ಹಿಡಿದು ಇಳಿಸಿದಳು, ಹರಿದ ಚೀಲದ ಬಾಯಿಗೆ ಸನ್ಮಾನದ ಶಾಲನ್ನೇ ಕಟ್ಟಿದಳು, ಗಾಡಿ ಹತ್ತಿದಳು. ಹಿರಿಯಣ್ಣ ಓಡಿ ಬಂದು ನೇತಾಡಿಕೊಂಡು ಹತ್ತಿದ. ಹಿಂದೆ ಮಹಿಳಾ ಸಮಾಜ ಆಟೋಗಳಲ್ಲಿ ಮೆರವಣಿಗೆ ಹೊರಟಿತು. ಬೈಕಿನವನು ಮೊಬೈಲು ಎತ್ತಿಕೊಂಡು ಮುಂದೆ ಹೋದ.

ಓಲ್ಡ್ ಟೌನಿನಲ್ಲಿ ಲಕ್ಷ್ಮೀಕಾಂತನ ಅಂಗಡಿ ಇದ್ದದ್ದು ಒಂದು ಕಿಷ್ಕಿಂಧೆಯಂಥ ಬೀದಿಯಲ್ಲಿ. ಆ ತುದಿ ಮುಚ್ಚಿಕೊಂಡಿದೆ. ಲಾರಿಯನ್ನು ರಿವರ್ಸಿನಲ್ಲೇ ನೂರಡಿ ಒಳಗೆ ತರಬೇಕು. ಎಡಕ್ಕೆ ಚರಂಡಿ, ಬಲಕ್ಕೆ ಪಾತ್ರೆ ಅಂಗಡಿಯ ಜಗಲಿ, ಮೇಲೆ ತೂಗುವ ಕರೆಂಟು ತಂತಿ, ಕೆಳಗೆ ಮಲಗಿದ ನಾಯಿ. ಗಂಟೆ ಹತ್ತು ಐವತ್ತೆರಡು. ಬೀದಿಯ ಬಾಯಲ್ಲಿ ಪೊಲೀಸಪ್ಪ ಬ್ಯಾರಿಕೇಡಿಗೆ ಕೈ ಹಾಕಿಕೊಂಡು ನಿಂತಿದ್ದ.

ವಿಮಲಾ ರಿವರ್ಸ್ ಗೇರು ಹಾಕಿದಳು. ಅಷ್ಟೇ. ಎಲ್ಲಿದ್ದರೋ, ಬೀದಿಯೆಲ್ಲ ಹೊರಗೆ ಬಂತು.

"ಬರ್ಲಿ ಬರ್ಲಿ ಬರ್ಲಿ!"

"ಬರ್ಬೇಡ! ಚರಂಡಿ!"

"ಸ್ಟೇರಿಂಗ್ ಕಟ್ ಮಾಡಮ್ಮಾ, ಫುಲ್ ಕಟ್!"

"ಯಾವ ಕಡೆಗ್ರೀ ಕಟ್?"

"ಎಡಕ್ಕೆ! ನಿಮ್ಮ ಎಡ ಅಲ್ಲ, ನನ್ನ ಎಡ!"

"ಆರಾಮಾಗಿ ಮೇಡಂ, ಧೈರ್ಯ ತಗೊಳ್ಳಿ!" ಇದು ಮೈಕಿನಲ್ಲಿ. ಸೀತಾಲಕ್ಷ್ಮಿ ಮೈಕನ್ನೂ ತಂದಿದ್ದರು.

ಪಾತ್ರೆ ಅಂಗಡಿಯವನು ಕೊಡಪಾನಗಳನ್ನು ಅಪ್ಪಿಕೊಂಡು ನಿಂತ. ಲಕ್ಷ್ಮೀಕಾಂತ ಅಂಗಡಿಯಿಂದ ಇಳಿದು ತಲೆಯ ಮೇಲೆ ಕೈಹೊತ್ತ. ಸುನಿಲನ ಫೋನು ಬಂತು. ಹಿರಿಯಣ್ಣ ಅದನ್ನು ಎತ್ತಿ, "ಕಷ್ಟ ಇದೆ ಸುನಿಲಾ, ಬಹಳ ಕಷ್ಟ ಇದೆ" ಎಂದು ಹೇಳಿ, ಇವಳ ಕಡೆ ತಿರುಗಿ ಹೇಳಿದ, "ಇಳಿ ತಂಗಿ. ಇದು ನಿನ್ ಕೈಲಾಗಲ್ಲ. ನಾನು ಹಾಕ್ತೀನಿ."

ಬೆಳಗ್ಗೆಯಿಂದ ಒಳಗೇ ಬೇಯುತ್ತಿದ್ದದ್ದು ಆಗ ಉಕ್ಕಿತು. ವಿಮಲಾ ಬಾಗಿಲು ತೆಗೆದು ಮೆಟ್ಟಿಲ ಮೇಲೆ ನಿಂತಳು.

"ಬಾಯಿ ಮುಚ್ರೀ ಎಲ್ರೂ!"

ಮೈಕಿಲ್ಲದೆಯೇ ಅದು ಓಲ್ಡ್ ಟೌನಿನ ಆ ತುದಿಗೂ ಕೇಳಿತು. ನಾಯಿ ಎದ್ದು ಹೋಯಿತು.

"ಕಸದ ಗಾಡೀಲಿ ಇದಕ್ಕಿಂತ ಇಕ್ಕಟ್ಟು ಕೇರಿಗೆ ಹೋಗಿದೀನಿ ನಾನು! ಆಗ ಒಬ್ರಾದ್ರೂ ಬಂದು ಎಡ ಬಲ ಹೇಳಿದ್ರೇನ್ರೀ? ಮೂಗು ಮುಚ್ಕೊಂಡು ಬಾಗಿಲು ಹಾಕ್ಕೊಳ್ತಿದ್ರಿ! ಮಂಡಕ್ಕಿ ತಂದಿದೀನಿ ಅಂತ ಈಗ ಬುದ್ಧಿ ಹೇಳೋಕ್ ಬಂದ್ರಾ? ಎಲ್ಲ ಗೋಡೆಗೆ ಅಂಟ್ಕೊಂಡ್ ನಿಂತ್ಕೊಳ್ಳಿ! ಹಿರಿಯಣ್ಣ, ಫೋನ್ ಇಡಿ, ಕೆಳಗಿಳೀರಿ!"

ಹಿರಿಯಣ್ಣ ಇಳಿದ. ಇಪ್ಪತ್ತು ಹೆಂಗಸರು, ಅಂಗಡಿಗಳವರು, ಗಿರಾಕಿಗಳು ಶಾಲೆಯ ಮಕ್ಕಳಂತೆ ಗೋಡೆಗೆ ಬೆನ್ನು ಕೊಟ್ಟು ನಿಂತರು. ಪೊಲೀಸಪ್ಪನೂ ನಿಂತ.

ವಿಮಲಾ ಪೇಟ ತೆಗೆದು ಸೀಟಿನ ಕೆಳಗೆ ಎಸೆದಳು. ಒಮ್ಮೆ ಎಡದ ಕನ್ನಡಿ ನೋಡಿದಳು, ಒಮ್ಮೆ ಬಲದ್ದು. ಲಾರಿ ಹಿಂದಕ್ಕೆ ಸರಿಯಿತು. ಚರಂಡಿಗೆ ಒಂದು ಗೇಣು ಬಿಟ್ಟು, ಜಗಲಿಗೆ ಒಂದು ಗೇಣು ಬಿಟ್ಟು, ಎಲ್ಲಿಯೂ ನಿಲ್ಲದೆ, ಒಂದೇ ಸಲಕ್ಕೆ ಬಂದು ಲಕ್ಷ್ಮೀಕಾಂತನ ಅಂಗಡಿಯ ಮೆಟ್ಟಿಲಿಗೆ ಸರಿಯಾಗಿ ನಿಂತಿತು. ಗಂಟೆ ಹತ್ತು ಐವತ್ತೇಳು.

ಕೈಬ್ರೇಕು ಎಳೆದ ಮೇಲೆ ವಿಮಲಾ ತನ್ನ ಅಂಗೈ ನೋಡಿಕೊಂಡಳು. ಒಣಗಿತ್ತು. ಭಯ ಯಾವಾಗ ಇಳಿದು ಹೋಯಿತೋ ಅವಳಿಗೇ ಗೊತ್ತಾಗಿರಲಿಲ್ಲ. ಕುಂಬಳಕಾಯಿಯ ಹತ್ತಿರವೇ ಹೋಗಿರಬೇಕು.

"ನಲವತ್ತು ಲಾರಿ ಬಂದಿವೆಯಮ್ಮ ಈ ಬೀದಿಗೆ" ಎಂದ ಲಕ್ಷ್ಮೀಕಾಂತ ಚೀಲ ಎಣಿಸಿಕೊಳ್ಳುತ್ತ. "ಜಗಲಿ ಒಡೀದೇ ಬಂದಿದ್ದು ಇದೇ ಮೊದ್ಲು." ಹರಿದ ಚೀಲಕ್ಕೂ ಅವನು ಏನೂ ಅನ್ನಲಿಲ್ಲ. ಶಾಲನ್ನು ಮಾತ್ರ ಇಟ್ಟುಕೊಂಡ.

ವಾಪಸ್ಸು ಬರುವಾಗ ಲಾರಿ ಖಾಲಿ, ರಸ್ತೆ ಖಾಲಿ, ಅವಳ ಎದೆಯೂ ಹಗುರ. ಗೇರು ಬೆಣ್ಣೆಯಂತೆ ಬೀಳುತ್ತಿತ್ತು. ಹಿರಿಯಣ್ಣ ಕಾಲು ಮಡಿಚಿಕೊಂಡು ಮಾಚೇನಹಳ್ಳಿಯಿಂದ ಶಿವಮೊಗ್ಗದವರೆಗೂ ಗೊರಕೆ ಹೊಡೆದ. ಮೂವತ್ತು ವರ್ಷದಲ್ಲಿ ಬೇರೆಯವರ ಗಾಡಿಯಲ್ಲಿ ಅವನು ನಿದ್ದೆ ಮಾಡಿದ್ದು ಅದೇ ಮೊದಲು. ಇದಕ್ಕಿಂತ ದೊಡ್ಡ ಸನ್ಮಾನ ಇಲ್ಲ ಎಂದು ವಿಮಲಾಗೆ ಅನ್ನಿಸಿತು. ಇನ್ನೊಂದು ತಿಂಗಳು ಲೋಕಲ್ಲು, ಆಮೇಲೆ ಹುಬ್ಬಳ್ಳಿ, ಆಮೇಲೆ ಗೋವಾ, ಮುಂದಿನ ವರ್ಷ ಮುಂಬೈ ಎಂದು ಮನಸ್ಸಿನಲ್ಲೇ ರಸ್ತೆ ಹಾಕಿಕೊಂಡಳು.

ಮೂರ್ತಪ್ಪ ಗೇಟಿನಲ್ಲೇ ಕಾಯುತ್ತಿದ್ದ. ಲಾರಿಗೆ ಎರಡು ಸುತ್ತು ಬಂದ. ಬಣ್ಣ ಸವರಿ ನೋಡಿದ. ಒಂದು ಗೀರೂ ಇಲ್ಲ. ಅವನ ಕಣ್ಣು ತುಂಬಿ ಬಂತು.

"ವಿಮಲಾ, ಆ ಬೈಕಿನವನ ವೀಡಿಯೋ ನೋಡ್ದೆ. 'ಬಾಯಿ ಮುಚ್ರೀ ಎಲ್ರೂ' ಅಂತೀಯಲ್ಲ, ಎರಡು ಲಕ್ಷ ಜನ ನೋಡಿದಾರೆ! ಆಗಿನಿಂದ ಫೋನ್ ಇಳಿಸಿಲ್ಲ ನಾನು. ಸಾಗರ, ತೀರ್ಥಹಳ್ಳಿ, ಚನ್ನಗಿರಿ, ಎಲ್ಲಾ ಕಡೆಯಿಂದ ಲೋಡು! ನೀನು ಮನೆಗೆ ಹೋಗಿ ಊಟ ಮಾಡಿ ನಾಲ್ಕಕ್ಕೆ ಬಾ. ಮಾತು ಕೊಟ್ಟ ಹಾಗೆ ಪರ್ಮನೆಂಟ್ ಮಾಡಿದೀನಿ."

ವಿಮಲಾ ಮನೆಗೆ ಹೋದಳು. ಖುಷಿಗೆ ಎರಡು ತುತ್ತು ಜಾಸ್ತಿಯೇ ಉಂಡಳು. ಸುನಿಲ್ ಮೂರು ಸಲ ಅವಳ ಕೈಕಾಲು ಮುಟ್ಟಿ ನೋಡಿದ. ಪುಷ್ಪಮ್ಮ ಕಾಂಪೌಂಡಿನ ಮೇಲಿಂದ, "ಎಲ್ಲ ಆ ಕಾಯಿ ಮಹಿಮೆ" ಎಂದಳು. ನಾಲ್ಕಕ್ಕೆ ಐದು ನಿಮಿಷ ಮುಂಚೆಯೇ ಅವಳು ಆಫೀಸಿನ ಮುಂದಿದ್ದಳು.

ಅವಳ ಲಾರಿಯನ್ನು ತೊಳೆದು ಫಳಫಳ ಮಾಡಿದ್ದರು. ಚೆಂಡುಹೂವಿನ ಮಾಲೆ ಬಿಟ್ಟಿದ್ದರು. ರಸ್ತೆಗೆ ಮುಖ ಮಾಡಿ ಆಫೀಸಿನ ಪಕ್ಕದ ಹಳೆಯ ಸಿಮೆಂಟು ಕಟ್ಟೆಯ ಮೇಲೆ ನಿಲ್ಲಿಸಿದ್ದರು. ಚಕ್ರಗಳಿಗೆಲ್ಲ ಇಟ್ಟಿಗೆ ಕೊಟ್ಟಿದ್ದರು. ಮೇಲೆ ಹತ್ತಡಿಯ ಫ್ಲೆಕ್ಸು. ಅದರಲ್ಲಿ ಪುನೀತ ಬೆಳಗ್ಗೆ ಹೊಡೆದ ಫೋಟೋ.

"ಸಾರ್, ಇಟ್ಟಿಗೆ ಯಾಕೆ?"

"ಗಾಡಿ ಉರುಳಬಾರ್ದಲ್ಲ" ಎಂದ ಮೂರ್ತಪ್ಪ. "ಇದೇ ನಿನ್ನ ಪರ್ಮನೆಂಟ್ ಜಾಗ. ಬೆಳಗ್ಗೆ ಒಂಬತ್ತರಿಂದ ಆರು ಗಂಟೆ ತನಕ ಡ್ರೈವರ್ ಸೀಟಲ್ಲಿ ಕೂತ್ಕೋ. ಗಿರಾಕಿಗಳು ಬರ್ತಾರೆ, ಫೋಟೋ ತೆಗೆಸ್ಕೊಳ್ತಾರೆ, ಲೋಡ್ ಬರೆಸಿ ಹೋಗ್ತಾರೆ. ಸಂಬಳ ಪೂರ್ತಿ."

"ನಾನು ಲಾರಿ ಓಡ್ಸೋಕ್ ಬಂದಿದೀನಿ ಸಾರ್!"

"ಓಡ್ಸೋದಾ?" ಮೂರ್ತಪ್ಪ ಬೆಚ್ಚಿಬಿದ್ದ. "ನಿನ್ನನ್ನ ರೋಡಿಗೆ ಬಿಟ್ಟು ಏನಾದ್ರೂ ಹೆಚ್ಚುಕಡಿಮೆ ಆದ್ರೆ? ಎರಡು ಲಕ್ಷ ಜನ ನೋಡಿದಾರೆ ಮಾರಾಯ್ತಿ! ಓಡ್ಸೋಕೆ ಬೇಕಾದಷ್ಟು ಗಂಡಸರಿದಾರೆ. ಓಲ್ಡ್ ಟೌನ್ ರೂಟಿಗೆ ಹಿರಿಯಣ್ಣನೇ ಕೇಳ್ಕೊಂಡು ಹೆಸರು ಬರೆಸಿದಾನೆ. ಹತ್ತು, ಹತ್ತು, ಜನ ಬಂದಾಯ್ತು."

ಹೌದು, ಬಂದಿದ್ದರು. ಎರಡು ಟೆಂಪೋ ತುಂಬ. ಹಿಂದಿನಿಂದ ಯಾರೋ ಕೈ ಕೊಟ್ಟು ಅವಳನ್ನು ಹತ್ತಿಸಿಯೇಬಿಟ್ಟರು. ಮುಂದಿನ ಗಾಜಿನ ಆಚೆ ಮೊಬೈಲುಗಳ ಹಿಂಡು. "ಅಕ್ಕಾ, ಬಾಯಿ ಮುಚ್ರೀ ಅನ್ನಿ! ಒಂದ್ಸಲ ಅನ್ನಿ!"

ವಿಮಲಾಗೆ ಹುಟ್ಟಿದಾಗಿನಿಂದ ಬಾರದಷ್ಟು ಸಿಟ್ಟು ಬಂತು. ಇಟ್ಟಿಗೆ ಹಾರಿಹೋಗಲಿ, ಕಟ್ಟೆ ಕುಸಿಯಲಿ, ಗೋವಾಕ್ಕೇ ಹೋಗಿಬಿಡುತ್ತೇನೆ ಎಂದು ಕೀ ತಿರುವಿದಳು. ಇಂಜಿನ್ನು ಮಿಸುಕಲಿಲ್ಲ. ಇನ್ನೊಮ್ಮೆ ತಿರುವಿದಳು. ಕೊನೆಗೆ ಮೈಯ ಸಿಟ್ಟನ್ನೆಲ್ಲ ಅಂಗೈಗೆ ತಂದು ಹಾರ್ನ್ ಗುದ್ದಿದಳು. ಕುಂಯ್ ಎನ್ನುವ ಸದ್ದೂ ಬರಲಿಲ್ಲ.

ಕೆಳಗೆ ಮೂರ್ತಪ್ಪ ಗಿರಾಕಿಯೊಬ್ಬರಿಗೆ ವಿವರಿಸುತ್ತಿದ್ದ, "ಬ್ಯಾಟರಿ ಬಿಚ್ಚಿಸಿಟ್ಟಿದೀನಿ ಸಾರ್. ಸೇಫ್ಟಿ ಮುಖ್ಯ ನೋಡಿ."